ಟವರ್ ಮೇಡಂ ಬಂದ್ರು, ಫೋನ್ ದೂರ ಇಡ್ರಿ!

ಮುಖ ಬಿಗಿದುಕೊಂಡು ಮಾಡಬೇಕಾದ ಕೆಲಸ ನನ್ನದು. ಆದರೆ ಹಾಗೆ ಮಾಡಲು ನಮ್ಮ ಬಳ್ಳಾರಿ ಕಡೆಯ ಜನ ಬಿಟ್ಟರೆ ತಾನೆ? ಮೊಬೈಲ್ ಟವರ್‌ಗಳಿಂದ ಎಷ್ಟು ರೇಡಿಯೋ ಅಲೆ ಹೊರಗೆ ಬರುತ್ತದೆ, ಅದು ಸರ್ಕಾರ ಹಾಕಿದ ಮಿತಿಯೊಳಗೆ ಇದೆಯೋ ಇಲ್ಲವೋ ಎಂದು ಅಳೆಯುವುದು ನನ್ನ ಕೆಲಸ. ಯಾರಾದರೂ ದೂರು ಕೊಟ್ಟರೆ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ, ಅಳೆಯುತ್ತೇನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರುತ್ತೇನೆ. ಸಿರುಗುಪ್ಪದಿಂದ ಕುರುಗೋಡಿನವರೆಗೆ ನನ್ನ ಹೆಸರು ಗೊತ್ತಿರುವವರು ಕಡಿಮೆ. "ಟವರ್ ಮೇಡಂ" ಅಂದರೆ ಮಾತ್ರ ಎಲ್ಲರಿಗೂ ಗೊತ್ತು. ನಗುವ ಪ್ರಸಂಗಗಳನ್ನು ನಾನಾಗಿ ಹುಡುಕಿಕೊಂಡು ಹೋದವಳಲ್ಲ. ಮೀಟರ್ ಚೀಲದಿಂದ ಹೊರಗೆ ತೆಗೆದರೆ ಸಾಕು, ಅವೇ ಬಂದು ಎದುರಿಗೆ ನಿಲ್ಲುತ್ತವೆ.

ಸಕ್ಕರೆ ಇಲ್ಲದ ಚಹಾ

ಮೊದಲು ನನ್ನ ಮೀಟರ್ ಹೇಗಿದೆ ಅಂತ ಹೇಳಬೇಕು. ಕೈಯಲ್ಲಿ ಹಿಡಿಯುವ ಒಂದು ಡಬ್ಬಿ, ಅದರ ತುದಿಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಮೋಸಂಬಿ ಗಾತ್ರದ ಬಿಳಿ ಚೆಂಡು. ನೋಡಿದವರು ಅದನ್ನು ಮೈಕ್ ಅಂದುಕೊಂಡರೆ ಅವರ ತಪ್ಪಲ್ಲ.

ಸಿರುಗುಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಅಂಗಡಿಯವರು ದೂರು ಕೊಟ್ಟಿದ್ದರು. ರಸ್ತೆ ಬದಿಗೆ ನಿಂತು ಮೀಟರ್ ಎತ್ತಿ ಹಿಡಿದೆ. ಸರಿಯಾದ ಸರಾಸರಿ ಸಿಗಬೇಕಾದರೆ ಆರು ನಿಮಿಷ ಅಲುಗಾಡದೆ ಹಿಡಿದಿರಬೇಕು. ಅಷ್ಟರಲ್ಲಿ ಬಿಳಿ ಧೋತರ, ತಲೆಗೆ ರುಮಾಲು ಸುತ್ತಿದ ಒಬ್ಬ ಅಜ್ಜ ಬಂದು ಚೆಂಡಿನ ಮುಂದೆ ನಿಂತರು. ರುಮಾಲು ಸರಿಪಡಿಸಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಈ ರಾಜ್ಯದ ಜನತಿಗೆ ನಾ ಹೇಳಾದು ಏನಂದ್ರ," ಎಂದು ಶುರು ಮಾಡಿದರು, "ನಮ್ಮ ಮನ್ಯಾಗ ನನಗ ಸಕ್ಕರಿ ಇಲ್ಲದ ಚಾ ಕೊಡಾಕತ್ತಾರ! ಡಾಕ್ಟ್ರು ಹೇಳಿದ್ದು ಕಮ್ಮಿ ಮಾಡ್ರಿ ಅಂತ. ನಮ್ಮಾಕಿ ಪೂರ್ತಿ ಬಂದ್ ಮಾಡ್ಯಾಳ. ಬೆಲ್ಲದ ಡಬ್ಬಿಗೆ ಕೀಲಿ ಹಾಕ್ಯಾಳ. ಇದು ನ್ಯಾಯಾನಾ?"

ನಾನು ಅಲುಗಾಡುವ ಹಾಗಿಲ್ಲ. "ಅಜ್ಜಾರ, ಇದು ಮೈಕ್ ಅಲ್ರಿ" ಎಂದು ಮೆಲ್ಲಗೆ ಅಂದೆ. "ಗೊತ್ತೈತಿ ತಾಯಿ, ಇದು ಹೊಸ ಮಾಡಲ್" ಅಂದು ಮುಂದುವರಿಸಿದರು. ಜನ ಸೇರಿದರು. ಒಬ್ಬ ಆಟೋದವನು ಇಳಿದು ಬಂದು ಅವರ ಹಿಂದೆ ನಿಂತು ಕೂದಲು ಬಾಚಿಕೊಂಡ.

ಅಜ್ಜ ಮಗಳ ಮನೆಯಲ್ಲಿ ಕುಡಿದ ಸಕ್ಕರೆ ಚಹಾದ ರುಚಿಯನ್ನು ಬಣ್ಣಿಸುತ್ತಿದ್ದಾಗ ಅವರ ಜೇಬಿನಲ್ಲಿದ್ದ ಫೋನ್ ಹೊಡೆದುಕೊಂಡಿತು. ಮೀಟರಿನ ಅಂಕಿ ಜಿಗಿಯಿತು. ನನ್ನ ಆರು ನಿಮಿಷ ನೀರುಪಾಲಾಯಿತು. ಅಜ್ಜ ಫೋನ್ ತೆಗೆದು ಹೆಸರು ನೋಡಿದ್ದೇ ತಡ, ಮುಖ ಬಿಳಿಚಿಕೊಂಡಿತು.

"ನಮ್ಮಾಕಿ!" ಅಂದರು.

ಆಟೋದವನು, "ಟಿವಿಯಾಗ ಬಂದಬಿಡ್ತು ಕಾಣ್ತೈತಿ ಅಜ್ಜಾ, ಮನ್ಯಾಗ ನೋಡ್ಯಾರ" ಅಂದ.

ಅಜ್ಜ ಫೋನ್ ಎತ್ತಲಿಲ್ಲ. ನನ್ನ ಬಿಳಿ ಚೆಂಡಿಗೆ ಬಾಯಿ ಹಚ್ಚುವಷ್ಟು ಹತ್ತಿರ ಬಂದು ಪಿಸುಗುಟ್ಟಿದರು: "ಈಗ ಹೇಳಿದ್ದು ಅಷ್ಟೂ ಕಟ್ ಮಾಡ್ರಿ. ಸಕ್ಕರಿ ಇಲ್ಲದ ಚಾ ಭಾಳ ಚೊಲೊ ಇರ್ತೈತಿ."

ಸಾರ್ ಕಡಿಮೆ ಇರಬೇಕು

ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ಮೊಬೈಲ್ ಹೇಗೆ ಬಳಸಬೇಕು ಅಂತ ಮಕ್ಕಳಿಗೆ ಹೇಳಲು ಕರೆದಿದ್ದರು. ವೇದಿಕೆಯ ಮೇಲೆ ಹೆಡ್ ಮಾಸ್ತರ್, ಪಕ್ಕದಲ್ಲಿ ಸಾಲಾಗಿ ಶಿಕ್ಷಕರು. ನಾನು ಹುರುಪಿನಲ್ಲಿದ್ದೆ. ನಿದ್ದೆ ಮಾಡುವಾಗ ಫೋನನ್ನು ತಲೆದಿಂಬಿನ ಕೆಳಗೆ ಇಡಬೇಡಿ, ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಫೋನು ಗಂಟಲು ಹರಿಯುವ ಹಾಗೆ ಕೂಗಬೇಕಾಗುತ್ತದೆ, ಆಗ ಉದ್ದಕ್ಕೆ ಮಾತಾಡಬೇಡಿ ಎಂದೆಲ್ಲ ಹೇಳಿ ಮುಖ್ಯ ವಿಷಯಕ್ಕೆ ಬಂದೆ.

ಫೋನಿನ ಅಲೆಯ ಶಕ್ತಿಯನ್ನು ನಮ್ಮ ದೇಹ ಎಷ್ಟು ಹೀರಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಸಾರ್' ಅನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಒಂದು ಪಾಯಿಂಟ್ ಆರು ದಾಟುವಂತಿಲ್ಲ. ಇದನ್ನು ವಿವರಿಸಬೇಕು ಅನ್ನುವಷ್ಟರಲ್ಲಿ ಮೈಕ್ ಕೆಟ್ಟಿತು. ಅದನ್ನು ಸರಿಮಾಡಿ ಕೊಟ್ಟಾಗ ವಿವರಣೆ ಮುಗಿದಿದೆ ಅಂದುಕೊಂಡು ದೊಡ್ಡ ದನಿಯಲ್ಲಿ ಹೇಳಿದೆ:

"ಮಕ್ಕಳ, ನೆನಪಿಡ್ರಿ. ಸಾರ್ ಎಷ್ಟು ಕಡಿಮಿ ಇರ್ತದೋ ಅಷ್ಟು ನಮಗ ಒಳ್ಳೇದು!"

ಆಗ ಎದ್ದ ಚಪ್ಪಾಳೆ ಇದೆಯಲ್ಲ, ಅಂಥದ್ದು ನನಗೆ ಅದಕ್ಕೂ ಮೊದಲು ಸಿಕ್ಕಿಲ್ಲ, ಆಮೇಲೂ ಸಿಕ್ಕಿಲ್ಲ. ಹಿಂದಿನ ಬೆಂಚಿನವರು ಶಿಳ್ಳೆ ಹಾಕಿದರು. ನನಗೆ ಇನ್ನೂ ಗೊತ್ತಾಗಿಲ್ಲ. ಉತ್ಸಾಹ ಏರಿ, "ಸಾರ್ ಜಾಸ್ತಿ ಇದ್ರ ಯಾರಿಗೆ ತೊಂದ್ರಿ?" ಎಂದು ಕೇಳಿದೆ. "ನಮಗ್ರೀ!" ಎಂದು ಇಡೀ ಸಭಾಂಗಣ ಕೂಗಿತು. ಗಣಿತದ ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು.

ಹೆಡ್ ಮಾಸ್ತರ್ ಎದ್ದು ಬಂದು, ಕೈಯಿಂದ ಮೈಕ್ ಮುಚ್ಚಿ, ಬಹಳ ವಿನಯದಿಂದ ನನ್ನ ಕಿವಿಯಲ್ಲಿ ಹೇಳಿದರು: "ಮೇಡಂ, ನಮ್ಮ ಸಾಲ್ಯಾಗ ಮೊದಲೇ ಇಬ್ಬರು ಸಾರ್ ಕಡಿಮಿ ಅದಾರ್ರಿ. ದಯಮಾಡಿ ಇನ್ನ ಕಡಿಮಿ ಮಾಡಿಸಬ್ಯಾಡ್ರಿ."

ಎಡಗಡೆಯ ಜೇಬು

ಬಳ್ಳಾರಿಯಲ್ಲಿ ನಮ್ಮ ಮನೆಯವರ ಅಂಗಿ ಹೊಲಿಯುವ ದರ್ಜಿ ಒಬ್ಬರಿದ್ದಾರೆ. ಊರೆಲ್ಲ ಜೀನ್ಸ್ ಹೊಲಿಯುತ್ತಿದ್ದರೂ ಇವರು ಮಾತ್ರ ಅಂಗಿ ಬಿಟ್ಟು ಬೇರೆ ಹೊಲಿದವರಲ್ಲ. ಎಲ್ಲರೂ ಚಾಚಾ ಅನ್ನುತ್ತೇವೆ. ಅವರ ಎದೆಗೆ, ಎಡಗಡೆ ಭುಜದ ಮೂಳೆಯ ಕೆಳಗೆ ಪೇಸ್‌ಮೇಕರ್ ಕೂಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರು, ಫೋನನ್ನು ಎಡಗಡೆ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ಬಲಗಿವಿಗೆ ಹಿಡಿದು ಮಾತಾಡಿ ಅಂದಿದ್ದರಂತೆ.

ಚಾಚಾ ಅದನ್ನು ಖಾತ್ರಿ ಮಾಡಿಕೊಳ್ಳಲು ನನ್ನ ಹತ್ತಿರ ಬಂದರು. "ಹೌದೇನ್ರಿ ಮೇಡಂ? ಫೋನ್ ಹತ್ರ ಹೋದ್ರ ಮಿಷನ್ ನಿಂತು ಹೋಗ್ತೈತೇನು?" ಎಂದು ಕೇಳಿದರು. ದನಿಯಲ್ಲಿ ಭಯ ಇತ್ತು.

"ನಿಲ್ಲಂಗಿಲ್ಲ ಚಾಚಾ. ಆದರ ಭಾಳ ಹತ್ರ ಇಟ್ರ ಅದಕ್ಕ ಸ್ವಲ್ಪ ಗೊಂದಲ ಆಗಬಹುದು. ಒಂದು ಗೇಣು ದೂರ ಇಡ್ರಿ, ಸಾಕು. ಆರಾಮ ಮಾತಾಡ್ರಿ" ಎಂದು ಕೈಯಿಂದ ಗೇಣು ಅಳೆದು ತೋರಿಸಿದೆ. ಅಳತೆ ಅಂದರೆ ದರ್ಜಿಗೆ ಬೇರೆ ಹೇಳಬೇಕೇ? ನನ್ನ ಕೈಯಿಂದ ನೇರ ಅವರ ಟೇಪಿಗೆ ಹೋಯಿತು ಅದು. ಮರುದಿನವೇ ತಮ್ಮ ಅಂಗಿಗಳ ಜೇಬನ್ನೆಲ್ಲ ಎಡದಿಂದ ಬಿಚ್ಚಿ ಬಲಕ್ಕೆ ಹೊಲಿದರು. ಮುಖದ ಮೇಲೆ ಮತ್ತೆ ನಗು ಬಂತು. ನನಗೂ ಸಮಾಧಾನವಾಯಿತು.

ಹಬ್ಬಕ್ಕೆ ಹೊಲಿಯಲು ಕೊಟ್ಟಿದ್ದ ನಮ್ಮ ಮನೆಯವರ ಅಂಗಿ ಬಂತು. ಜೇಬು ಬಲಗಡೆ ಇತ್ತು. ತಪ್ಪಾಗಿರಬೇಕು ಅಂದುಕೊಂಡೆವು. ಪಕ್ಕದ ಮನೆಯ ಬ್ಯಾಂಕಿನವರ ಅಂಗಿಗೂ ಬಲಗಡೆ. ಎದುರು ಮನೆಯ ಮೇಷ್ಟರ ಅಂಗಿಗೂ ಬಲಗಡೆ. ಓಣಿಯ ಗಂಡಸರೆಲ್ಲ ಪೆನ್ ತೆಗೆಯಲು ಎಡಗಡೆ ಎದೆ ಮುಟ್ಟಿಕೊಂಡು, ಏನೂ ಸಿಗದೆ, ಯಾರಿಗೋ ಮಾತು ಕೊಟ್ಟವರ ಹಾಗೆ ನಿಲ್ಲತೊಡಗಿದರು.

ನಾನೇ ಹೋಗಿ ಕೇಳಿದೆ. "ಚಾಚಾ, ಪೇಸ್‌ಮೇಕರ್ ಇರೋದು ನಿಮಗ. ಇವರಿಗೆಲ್ಲ ಯಾಕ ಬಲಗಡೆ?"

"ಇವತ್ತು ನನಗ ಕೂಡ್ಸ್ಯಾರ, ನಾಳೆ ಯಾರಿಗೋ ಯಾರಿಗೆ ಗೊತ್ತು? ಗಿರಾಕಿ ಎದಿ ಜವಾಬ್ದಾರಿ ನಂದಲ್ಲೇನ್ರಿ?" ಅಂದರು.

ಅಷ್ಟರಲ್ಲಿ ಬ್ಯಾಂಕಿನವರು ಅಂಗಿ ಹಿಡಿದುಕೊಂಡು ಬಂದರು. "ಚಾಚಾ, ನನಗ ರೂಢಿ ಇಲ್ಲ. ಇದನ್ನ ಎಡಗಡೆ ಹಾಕಿ ಕೊಡ್ರಿ" ಎಂದರು.

ಚಾಚಾ ಕತ್ತರಿ ಕೆಳಗಿಟ್ಟು, ಕೈ ಚಾಚಿ ಗಂಭೀರವಾಗಿ ಹೇಳಿದರು: "ಹಾರ್ಟ್ ಡಾಕ್ಟರ್ ಚೀಟಿ ತಂದೀರೇನು? ಚೀಟಿ ಇಲ್ಲದ ನಾ ಎಡಗಡೆ ಜೇಬು ಹಾಕಂಗಿಲ್ಲ."

ಒಂದಕ್ಕೆ ಕೊಡು

ಬಳ್ಳಾರಿ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಚಾರ್ಜರ್ ಕೊಳ್ಳಲು ಹೋಗಿದ್ದೆ. ಒಣಮೆಣಸಿನಕಾಯಿ ವ್ಯಾಪಾರದ ಸಾವ್ಕಾರರೊಬ್ಬರು ಫೋನ್ ನೋಡುತ್ತಿದ್ದರು. ನಾನು ಯಾರೆಂದು ಅಂಗಡಿಯವನು ಹೇಳಿದ್ದೇ, "ಮೇಡಂ, ಯಾವ ಫೋನಿನಾಗ ಅಲೆ ಕಡಿಮಿ ಐತಿ ಅಂತ ಹೆಂಗ ತಿಳಿಯಾದು?" ಎಂದು ಕೇಳಿದರು.

ನಕ್ಷತ್ರ, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ ಒತ್ತಲು ಹೇಳಿದೆ. ಹಾಗೆ ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಸಾರ್ ಅಂಕಿ ತೆರೆಯ ಮೇಲೆ ಬರುತ್ತದೆ. ಒತ್ತಿದರು. ತಲೆಗೆ ಹಿಡಿದಾಗಿನ ಅಂಕಿ ಒಂದು ಪಾಯಿಂಟ್ ಒಂದು ಎಂಟು ಎಂದು ಬಂತು. ಮಿತಿಗಿಂತ ಕಡಿಮೆಯೇ ಇತ್ತು.

ಸಾವ್ಕಾರರು ಅಂಕಿಯನ್ನು ನೋಡಿದರು. ಅಂಗಡಿಯವನನ್ನು ನೋಡಿದರು. ಹೆಗಲ ಮೇಲಿನ ಟವೆಲ್ ಕೊಡವಿದರು. "ಒಂದಕ್ಕ ಕೊಡು" ಅಂದರು.

"ಸಾವ್ಕಾರ್ರ, ಅದು ರೇಟ್ ಅಲ್ರಿ."

"ನನಗ ಗೊತ್ತೈತಪಾ. ಮೊದಲ ಗಿರಾಕಿ ಅದೀನಿ. ಒಂದಕ್ಕ ಮುಗಸು."

"ಅದು ಕಂಪನಿಯಾಗ ಫಿಕ್ಸ್ ಆಗಿ ಬಂದಿರ್ತೈತ್ರಿ, ಕಮ್ಮಿ ಆಗಂಗಿಲ್ಲ."

"ಎಲ್ಲಾರೂ ಹಿಂಗ ಅಂತಾರ" ಎಂದು ಎದ್ದು ಹೋದರು. ಪಕ್ಕದ ಅಂಗಡಿಗೆ ಹೋಗಿ ಅದೇ ಫೋನಿನಲ್ಲಿ ಅದೇ ಅಂಕಿ ನೋಡಿ ತಿರುಗಿ ಬಂದರು. "ಅಲ್ಲೂ ಅಷ್ಟ ಐತಿ. ಆದ್ರೂ ನಿನ್ನ ಕಡೆ ಬಂದೀನಿ. ಈ ಮಾತಿಗರ ಬೆಲಿ ಕೊಡು. ಒಂದು ಪಾಯಿಂಟ್ ಒಂದು?"

ಅಂಗಡಿಯವನು ಅಳುವ ಮುಖ ಮಾಡಿ ನನ್ನನ್ನು ನೋಡಿದ. ನಾನು ಬಿಡಿಸಿ ಹೇಳಿದೆ: "ಸಾವ್ಕಾರ್ರ, ಆ ಅಂಕಿ ಫೋನು ಪೂರ್ತಿ ಶಕ್ತಿ ಹಾಕಿ ಕೂಗಿದಾಗ ಅಳದಿದ್ದು. ದಿನಾ ಬಳಸುವಾಗ ಅಷ್ಟು ಬರಂಗಿಲ್ಲ. ಸಿಗ್ನಲ್ ಚೊಲೊ ಇರೋ ಕಡೆ ನಿಂತು ಮಾತಾಡ್ರಿ, ಫೋನು ತನಗ ತಾನ ದನಿ ಇಳಸ್ತೈತಿ. ಕಿವಿಯಿಂದ ಸ್ವಲ್ಪ ದೂರ ಹಿಡೀರಿ, ಮಾತು ಚಿಕ್ಕದು ಮಾಡ್ರಿ, ಇನ್ನೂ ಕಮ್ಮಿ ಆಗ್ತೈತಿ."

ಸಾವ್ಕಾರರ ಮುಖ ಅರಳಿತು. ಅಂಗಡಿಯವನ ಕಡೆ ತಿರುಗಿ ಗುಡುಗಿದರು: "ಅಂದ್ರ ಇದು ಎಂಆರ್‌ಪಿ ಅನ್ನು! ಮತ್ತ ಇಷ್ಟೊತ್ತನ ಕಮ್ಮಿ ಆಗಂಗಿಲ್ಲ ಅಂತ ಸುಳ್ಳು ಯಾಕ ಹೇಳಿದಿ?"

ಸ್ಪೀಕರ್

ಗಾಂಧಿನಗರದ ನಮ್ಮ ಓಣಿಯ ಅಕ್ಕನೊಬ್ಬರು ದಿನಾ ಬೆಳಿಗ್ಗೆ ಸಿರುಗುಪ್ಪದಲ್ಲಿರುವ ತಂಗಿಯ ಜೊತೆ ಮಾತಾಡುತ್ತಾರೆ. ಕಿವಿ ಬಿಸಿ ಆಗುತ್ತದೆ ಎಂದು ನನ್ನನ್ನು ಕೇಳಿದರು. "ಫೋನು ತಲೆಗೆ ಒತ್ತಿ ಹಿಡೀಬ್ಯಾಡ್ರಿ ಅಕ್ಕಾ. ಇಯರ್‌ಫೋನ್ ಹಾಕ್ಕೊಳ್ರಿ, ಇಲ್ಲಾ ಸ್ಪೀಕರ್ ಮ್ಯಾಲೆ ಇಡ್ರಿ" ಅಂದೆ. ಇಯರ್‌ಫೋನ್ ಕಿವಿಗೆ ಕಚಗುಳಿ ಇಡುತ್ತದೆಯಂತೆ. ಸ್ಪೀಕರ್ ಹಿಡಿಸಿತು. ಅಂದಿನಿಂದ ಆ ತಂಗಿಯ ಸಂಸಾರ ನಮ್ಮ ಓಣಿಯದಾಯಿತು.

ಒಂದು ಬೆಳಿಗ್ಗೆ ತಂಗಿ ತನ್ನ ನೆರೆಮನೆಯ ಅತ್ತೆ ಸೊಸೆಯ ಕಥೆ ಹೇಳುತ್ತಿದ್ದಳು. ಒಡವೆ ಕಾಣೆಯಾಗಿತ್ತು, ಸೊಸೆಯ ಮೇಲೆ ಅನುಮಾನ ಬಿದ್ದಿತ್ತು. "ಅತ್ತಿ ಸಿಟ್ಟಿಲೆ ಹೋಗಿ ಬೀರು ತಗದು ನೋಡಿದ್ರ, ಒಳಗ..." ಅಂದಳು. ಫೋನ್ ಕಟ್ ಆಯಿತು.

ಹಾಲಿನವನು ಕ್ಯಾನಿನ ಮುಚ್ಚಳ ಹಿಡಿದು ನಿಂತಿದ್ದ. ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದಿದ್ದ. ಸುಳ್ಳು ಯಾಕೆ ಹೇಳಲಿ, ನಾನೂ ಕಸಬರಿಗೆ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಅಕ್ಕ ಮಾತ್ರ ಫೋನನ್ನು ಕಟ್ಟೆಯ ಮೇಲಿಟ್ಟು, ಇನ್ನು ಸಾಕು ಎಂಬಂತೆ ಒಳಗೆ ಹೊರಟರು.

ತರಕಾರಿ ಗಾಡಿಯಾಕೆ ತಡೆಯಲಾರದೆ ಕೂಗಿದಳು: "ಯಕ್ಕಾ, ಹಚ್ಚಬೇ ಲಗೂನ! ಬೀರುದಾಗ ಏನಿತ್ತು ಅಂತ ತಿಳಕೊಂಡು ನಾ ಮುಂದಿನ ಓಣಿಗೆ ಹೋಗಬೇಕು!"

ರಾರಾವಿಯ ಸಂಬಂಧ

ರಾರಾವಿಯಿಂದ ಒಬ್ಬ ರೈತರು ಫೋನ್ ಮಾಡಿದರು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಅನುಕೂಲಸ್ಥರು, ಯಾವತ್ತೂ ದನಿ ತಗ್ಗಿಸಿ ಮಾತಾಡಿದವರಲ್ಲ. ಅವತ್ತು ದನಿ ತಗ್ಗಿತ್ತು. "ಮೇಡಂ, ನಿಮ್ಮ ಮೀಟರ್ ತೊಗೊಂಡು ಒಮ್ಮೆ ಬರ್ರಿ. ಮಗಳ ಲಗ್ನದ ಮಾತು."

ವಿಷಯ ಇಷ್ಟು. ಮಗಳು ಬಿ.ಎಡ್. ಓದುತ್ತಿದ್ದಾಳೆ. ಹುಡುಗ ಬಳ್ಳಾರಿಯವನು, ಸ್ವಂತ ಜೀನ್ಸ್ ಘಟಕ ಇಟ್ಟುಕೊಂಡಿದ್ದಾನೆ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಆದರೆ ಹುಡುಗನ ಸೋದರಮಾವನ ಮಾತು ಮೀರಿ ಆ ಮನೆಯಲ್ಲಿ ಏನೂ ನಡೆಯುವುದಿಲ್ಲ. ಅವರು ಹುಡುಗಿ ನೋಡಲು ಬಂದ ದಿನ ಕೈ ತೊಳೆಯಲು ಹೊರಗೆ ಹೋಗಿ, ಪಕ್ಕದ ಹೊಲದಲ್ಲಿದ್ದ ಮೊಬೈಲ್ ಟವರ್ ನೋಡಿಬಿಟ್ಟರು. "ಟವರ್ ಬುಡಕ ಬೆಳೆದ ಹುಡುಗಿ. ವಿಚಾರ ಮಾಡಬೇಕಾಗ್ತೈತಿ" ಅಂದು ಎದ್ದು ಹೋದರಂತೆ. ಹುಡುಗಿ ಅವತ್ತು ರಾತ್ರಿ ಊಟ ಮಾಡಲಿಲ್ಲವಂತೆ.

"ಅವರು ಭಾನುವಾರ ಇನ್ನೊಮ್ಮೆ ಬರ್ತಾರ. ಅವರ ಮುಂದ ನೀವ ಅಳದು ತೋರಿಸ್ರಿ" ಎಂದರು ಆ ತಂದೆ. ನನಗೂ ಹಟ ಬಂತು. ಹೋದೆ.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಹುಡುಗ, ಅವನ ತಾಯಿ, ಮಧ್ಯದಲ್ಲಿ ಸೋದರಮಾವ. ಕೈಗೆ ಉಪ್ಪಿಟ್ಟು, ಶಿರಾ ಬಂದಿತ್ತು. ಕಂಬದ ಬುಡಕ್ಕೆ ಚಾಪೆಯ ಮೇಲೆ ಹುಡುಗಿಯ ಅಜ್ಜಿ. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಗಟ್ಟಿ ಮಾಡಿಕೊಂಡಿದ್ದಳು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

ನಾನು ಅಂಗಳದಲ್ಲಿ ಅಳೆದೆ. ಪಡಸಾಲೆಯಲ್ಲಿ ಅಳೆದೆ. ಹುಡುಗಿ ಮಲಗುವ ಕೋಣೆಯಲ್ಲಿ ಅಳೆದೆ. ಎಲ್ಲ ಕಡೆ ಅಂಕಿ ಮಿತಿಯಿಂದ ಬಹಳ ಕೆಳಗೆ, ತಳದಲ್ಲಿ ಬಿದ್ದುಕೊಂಡಿತ್ತು. "ನೋಡ್ರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಟವರ್ ಅಲೆ ಮ್ಯಾಲಿನಿಂದ ಅಡ್ಡ ಹೋಗ್ತೈತಿ, ನೇರ ಬುಡಕ್ಕ ಸುರಿಯಂಗಿಲ್ಲ. ಈ ಮನ್ಯಾಗ ಹೆದರುವಂಥದ್ದು ಏನೂ ಇಲ್ಲ."

ಸೋದರಮಾವ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಿದರು. "ನಿಮ್ಮ ಮೀಟರ್ ನಡಿತೈತೋ ಇಲ್ಲೋ, ಯಾರಿಗೆ ಗೊತ್ತು? ಒಮ್ಮೆನೂ ಕೂಗಲೇ ಇಲ್ಲಲ್ಲ?"

ಉತ್ತರ ನಾನು ಕೊಡುವ ಮೊದಲೇ ಬಾಗಿಲಿನಿಂದ ಹುಡುಗಿಯ ದನಿ ಬಂತು. "ಮೇಡಂ, ಮನಿ ಅಳದ್ರಿ. ಮನಿಗೆ ಬಂದವರನ್ನೂ ಅಳೀರಿ. ನಡಿತೈತೋ ಇಲ್ಲೋ ಅವರಿಗೂ ಗೊತ್ತಾಗ್ಲಿ."

ಅವಳ ತಂದೆ ಸುಮ್ಮನಿರು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಆದರೆ ಹುಡುಗ ತಲೆ ತಗ್ಗಿಸಿ ನಗು ತಡೆಯುತ್ತಿದ್ದ. ಸರಿ, ಅಂಕಿ ಸ್ವಲ್ಪ ಏರಿದರೂ ಕೂಗುವ ಹಾಗೆ ಮೀಟರ್ ಹೊಂದಿಸಿಕೊಂಡು ಒಬ್ಬೊಬ್ಬರ ಹತ್ತಿರ ಹೋದೆ. ತಾಯಿಯ ಹತ್ತಿರ ಹಿಡಿದೆ, ಸುಮ್ಮನಿತ್ತು. ಹುಡುಗನ ಹತ್ತಿರ ಹಿಡಿದೆ, ಸುಮ್ಮನಿತ್ತು. ಸೋದರಮಾವನ ಎದೆಯ ಹತ್ತಿರ ಹಿಡಿದೆ ನೋಡಿ, ಕಿವಿ ಕಿತ್ತುಹೋಗುವ ಹಾಗೆ ಕೀಂ ಎಂದು ಕೂಗಿತು! ಹಿಂದೆ ಸರಿದರೆ ಸುಮ್ಮನಾಯಿತು. ಮತ್ತೆ ಹಿಡಿದರೆ ಮತ್ತೆ ಕೂಗಿತು.

ಸೋದರಮಾವನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ನ... ನನಗೇನಾಗೈತ್ರಿ ಮೇಡಂ?"

"ಫೋನ್ ಎಷ್ಟು ಅದಾವ್ರಿ ನಿಮ್ಮ ಕಡೆ?"

ಅಂಗಿಯ ಜೇಬಿನಿಂದ ಒಂದು ಬಂತು. ಅದರಲ್ಲಿ ವಿಡಿಯೋ ಕಾಲ್ ನಡೆದೇ ಇತ್ತು. ಸಂಬಂಧದ ಮಾತುಕತೆಯನ್ನು ಬಳ್ಳಾರಿಯಲ್ಲಿ ಕೂತ ಅವರ ಹೆಂಡತಿ ಜೇಬಿನೊಳಗಿಂದಲೇ ಕೇಳುತ್ತಿದ್ದರು. ಒಳಜೇಬಿನಿಂದ ಇನ್ನೊಂದು ಬಂತು, ಅದು ಮೊದಲನೆಯದಕ್ಕೆ ಇಂಟರ್‌ನೆಟ್ ಕೊಡುತ್ತಿತ್ತು. ಪ್ಯಾಂಟಿನ ಜೇಬಿನಿಂದ ವ್ಯಾಪಾರದ್ದು ಅಂತ ಮತ್ತೊಂದು ಬಂತು. ಪಕ್ಕದ ಹೊಲದ ಟವರ್ ಇವರ ಸಿಮ್ಮಿನ ಕಂಪನಿಯದಲ್ಲ. ಹಾಗಾಗಿ ಆ ಫೋನುಗಳು ಎಲ್ಲೋ ದೂರದ ಟವರಿಗೆ ಕೇಳಿಸಲಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದವು.

"ಗಾಬರಿ ಆಗಬ್ಯಾಡ್ರಿ, ಇದೂ ಮಿತಿಯೊಳಗ ಐತಿ" ಎಂದು ಸಮಾಧಾನ ಮಾಡಿದೆ. "ಆದರ ಈ ಮನ್ಯಾಗ ಎಲ್ಲಕ್ಕಿಂತ ಜಾಸ್ತಿ ಅಲೆ ಬರಾಕತ್ತಿದ್ದು ನಿಮ್ಮ ಜೇಬಿನಿಂದ."

ಸಂಬಂಧ ಉಳಿಯಿತೋ ಮುರಿಯಿತೋ ತಿಳಿಯದೆ ಹುಡುಗಿಯ ತಂದೆ ನನ್ನ ಮುಖ ನೋಡಿದರು, ನಾನು ಮೀಟರಿನ ಮುಖ ನೋಡಿದೆ. ಆಗ ಕಂಬದ ಬುಡದಲ್ಲಿದ್ದ ಅಜ್ಜಿ ಕೋಲೂರಿ ಎದ್ದು, ತನ್ನ ಚಾಪೆಯನ್ನು ಸೋದರಮಾವನಿಂದ ಒಂದು ಮಾರು ದೂರ ಎಳೆದುಕೊಂಡು ಕೂತು, ನಿಧಾನಕ್ಕೆ ಹೇಳಿದಳು:

"ನಮ್ಮ ಟವರ್ ಹೊಲದಾಗ ನಿಂತೈತಿ. ನಿಮ್ಮ ಟವರ್ ಮನ್ಯಾಗ ಕುಂತು ಉಪ್ಪಿಟ್ಟು ತಿನ್ನಾಕತ್ತೈತಿ."

ಮೊದಲು ನಕ್ಕವನು ಹುಡುಗ. ತಡೆಯಲಾರದೆ ಅವನ ತಾಯಿ ನಕ್ಕರು. ಬಾಗಿಲಲ್ಲಿ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಜೇಬಿನಿಂದ ಹೊರಗೆ ಬಂದಿದ್ದ ಫೋನಿನೊಳಗಿಂದ ಸೋದರಮಾವನ ಹೆಂಡತಿ ಬಿದ್ದು ಬಿದ್ದು ನಗುವುದು ಕೇಳಿಸಿತು. "ಅವರು ಹೇಳಿದ್ದು ಖರೆ ಐತ್ರಿ! ಸುಮ್ಮನ ಒಪ್ಪಿಕೊಂಡು ಬರ್ರಿ ಮನಿಗೆ!" ಎಂದು ಆಕೆ ಕೂಗಿದರು.

ಸೋದರಮಾವ ಒಂದು ಸಲ ಹೊಲದ ಟವರ್ ಕಡೆ ನೋಡಿದರು, ಒಂದು ಸಲ ಹುಡುಗನ ಮುಖ ನೋಡಿದರು. ಆಮೇಲೆ ಫೋನುಗಳನ್ನು ಒಂದೊಂದಾಗಿ ಬಂದ್ ಮಾಡಿ, ಎಲೆ ಅಡಿಕೆ ಇಟ್ಟಿದ್ದ ತಟ್ಟೆಯೊಳಗೆ ಸಾಲಾಗಿ ಇಟ್ಟು, ಖಾಲಿ ಉಪ್ಪಿಟ್ಟಿನ ತಟ್ಟೆಯನ್ನು ಅಜ್ಜಿಯ ಮುಂದೆ ಹಿಡಿದು ಅಂದರು:

"ಯಮ್ಮಾ, ಟವರ್ ಬಂದ್ ಮಾಡೀನಿ. ಇನ್ನೊಂದೀಟು ಹಾಕಸ್ರಿ. ಬೀಗರಾದ ಮ್ಯಾಲೆ ಇಷ್ಟೂ ಇಲ್ಲಂದ್ರ ಹೆಂಗ?"